ವೆರೊನಿಕಾ ಬಾಯಮ್ಮನ ಶುಕ್ರವಾರದ ಫೋನು

೨೬ ಫೆಬ್ರವರಿ ೨೦೦೭, ಸೋಮವಾರ
ರೂಮಿನ ಬಾಗಿಲು ತೆಗೆದವನೇ ಎಂದಿನಂತೆ ಗೂಗಲ್‌ನಲ್ಲಿ ‘ಉಡುಪಿ ಕೇಟರಿಂಗ್’ ಹಾಕಿ ನೋಡಿದೆ. ವೆರೊನಿಕಾ ಬಾಯಮ್ಮನ ವೆಬ್‌ಸೈಟ್ ಎಲ್ಲೂ ಇಲ್ಲ. ಚೆನ್ನೈಯಿಂದ ನ್ಯೂಜೆರ್ಸಿವರೆಗಿನ ಉಡುಪಿ ಹೋಟೆಲುಗಳೇ ಸಾಲಾಗಿ ಕೂತಿವೆ. ಬರೀ ಇಡ್ಲಿ, ವಡೆ...

ಎಸ್‌ಟಿಡಿ ಬೂತ್ ಮುಚ್ಚಿ ಮಣಿಪಾಲದಲ್ಲಿ ಈ ರೂಮು ಹಿಡಿದು, ವೆಬ್‌ಸೈಟುಗಳನ್ನು ಗೂಗಲ್‌ನಲ್ಲಿ ಮೇಲೆ ತರುವ ಕೆಲಸ ಶುರು ಮಾಡಿದ ಮೇಲೆ ನನಗೆ ಸಿಕ್ಕ ಮೊದಲ ಗಿರಾಕಿ ಅವರು. ಶಿರ್ವದಲ್ಲಿ ಕ್ರಿಶ್ಚಿಯನ್ ಮದುವೆಗಳಿಗೆ ಅಡುಗೆ. ಈಸ್ಟರ್ ಒಳಗೆ ಮೇ ತಿಂಗಳ ಆರ್ಡರ್ ಬರದಿದ್ದರೆ ಅಡುಗೆಮನೆಗೆ ಬೀಗ ಹಾಕಿ ಕುವೈತಿಗೆ ಮನೆಗೆಲಸಕ್ಕೆ ಹೊರಡುತ್ತಾರಂತೆ. ಅಲ್ಲಿರುವ ತಂಗಿ ಲೊರ್ನಾ ವೀಸಾ ಕಳಿಸಿ ಆಗಿದೆ.

“ನಿಮ್ಮ ಗೂಗಲ್ ನನ್ನನ್ನು ಊರಲ್ಲಿ ಉಳಿಸ್ತದಾ ನೋಡುವ ಭಟ್ರೇ” ಎಂದಿದ್ದಾರೆ. ಉಳಿಸದಿದ್ದರೆ ನಾನು ಬೂತಿಗೇ ಲಾಯಕ್ಕು.

೬ ಮಾರ್ಚ್
ಬುದ್ಧಿ ತಡವಾಗಿ ಬಂತು. ಕುವೈತಿನಲ್ಲಿ ಕೂತ ಶಿರ್ವದವರು ಮಗಳ ಮದುವೆಗೆ ‘ಉಡುಪಿ’ ಎಂದು ಯಾಕೆ ಹುಡುಕುತ್ತಾರೆ? ಅವರಿಗೆ ಬೇಕಾದದ್ದು ರೋಸ್ — ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ — ಮತ್ತು ಅದರ ಊಟ. ಪುಟಗಳ ತಲೆಬರಹವೆಲ್ಲ ಬದಲಿಸಿದೆ. ‘ಶಿರ್ವ ರೋಸ್ ಕೇಟರಿಂಗ್’. ಗಲ್ಫಿನ ಶಿರ್ವದವರ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಜೋಕಿಮ್ ಅವರಿಗೆ ಬೆನ್ನುಬಿದ್ದು ಅದರಲ್ಲಿ ನಮ್ಮ ಪುಟಕ್ಕೆ ಒಂದು ಲಿಂಕ್ ಹಾಕಿಸಿದೆ.

೧೪ ಮಾರ್ಚ್, ಬುಧವಾರ
‘ಶಿರ್ವ ರೋಸ್ ಕೇಟರಿಂಗ್’ ಹಾಕಿ ನೋಡಿದರೆ ನಂಬರ್ ವನ್! ಕೆಳಗಿನ ಕ್ಯಾಂಟೀನಿಗೆ ಓಡಿದೆ.
“ಭೋಜ, ಗೂಗಲ್‌ನಲ್ಲಿ ನಮ್ಮದೇ ಮೊದಲು ಮಾರಾಯ!”
“ಎಷ್ಟು ಮಂದಿಯಲ್ಲಿ?”
“ಇಡೀ ಲೋಕದಲ್ಲಿ.”
“ಹಾಗಾದರೆ ಎಲ್ಲರ ಚಾ ನಿಮ್ಮ ಲೆಕ್ಕಕ್ಕೆ.”
ಕೊಟ್ಟೆ. ಎದೆ ಉಬ್ಬಿತ್ತು.

೧೬ ಮಾರ್ಚ್, ಶುಕ್ರವಾರ
ಆರ್ಡರ್ ಮಾತ್ರ ಒಂದೂ ಇಲ್ಲ. ನೋಡುವವರ ವಿವರ ತೆಗೆದರೆ ಕುವೈತ್, ಬಹರೈನ್... ಫೋನ್ ನಂಬರ್ ಇರುವ ಪುಟದವರೆಗೂ ಬರುತ್ತಾರೆ. ಹೆಚ್ಚಿನವರು ಶುಕ್ರವಾರ.

ಶುಕ್ರವಾರ ನನಗೆ ಗೊತ್ತಿಲ್ಲವೇ? ಗಲ್ಫಿಗೆ ರಜೆ ಅಂದೇ. ಅಂದು ನನ್ನ ಬೂತಿನ ಬೆಂಚಿನಲ್ಲಿ ಗಂಡಂದಿರ ಕರೆಗೆ ಕಾಯುವ ಹೆಂಗಸರಿಗೆ ಜಾಗ ಸಾಲುತ್ತಿರಲಿಲ್ಲ. ಕೂಡಲೇ ಬಾಯಮ್ಮನಿಗೆ ಫೋನ್ ಮಾಡಿದೆ. ಸ್ವಿಚ್ಡ್ ಆಫ್. ಸಂಜೆಯೂ ಅದೇ.

೧೭ ಮಾರ್ಚ್
ಶಿರ್ವಕ್ಕೇ ಹೋದೆ.
“ಈಗ ತಪಸ್ಸು ಕಾಲ ಅಲ್ವಾ ಭಟ್ರೇ. ಶುಕ್ರವಾರ ಉಪವಾಸ, ಮೊಬೈಲೂ ಬಂದ್. ಈಸ್ಟರ್‌ವರೆಗೆ ಹಾಗೇ ಅಂತ ದೇವರಿಗೆ ಮಾತು ಕೊಟ್ಟಿದ್ದೇನೆ.”
“ಬಾಯಮ್ಮ, ಆರ್ಡರ್ ಬರುವುದೇ ಅಂದು!”
“ಹೊಟ್ಟೆಪಾಡಿಗೆ ಅಂತ ದೇವರ ಮಾತು ಮುರಿಯುವುದಾ? ಕುವೈತಿಗೆ ಹೋದರೂ ಅಡ್ಡಿಯಿಲ್ಲ.”

ಸಿಟ್ಟು ಬಂತು. ಆದರೆ ಏಕಾದಶಿಯಂದು ನೀರೂ ಮುಟ್ಟದ ಅಮ್ಮನ ಮಗ ನಾನು, ಎಂತ ಹೇಳಲಿ? ಗೌರವವೇ ಹೆಚ್ಚಾಯಿತು. ಅವರ ಮೆನುವನ್ನು ಕೇಳಿ ಕಲಿತೆ. ವೆಬ್‌ಸೈಟಿನಲ್ಲಿ ‘ಶುಕ್ರವಾರ ಮಾತ್ರ ಈ ನಂಬರ್’ ಎಂದು ನನ್ನದನ್ನು ಹಾಕಿದೆ.

೨೩ ಮಾರ್ಚ್, ಶುಕ್ರವಾರ
ಬಹರೈನಿನಿಂದ ಮೊದಲ ಕರೆ. “ಹಂದಿ ಊರಿನದ್ದಾ, ಫಾರ್ಮಿನದ್ದಾ?”
ಕಡಿಯಾಳಿಯ ನಮ್ಮ ಮನೆಯೊಳಗೆ ಈರುಳ್ಳಿಗೂ ಪ್ರವೇಶವಿಲ್ಲ. “ಊರಿನದ್ದೇ. ಮೆತ್ತಗೆ ಬೆಂದಿರುತ್ತದೆ” ಎಂದೆ. ಆರ್ಡರ್ ಗಟ್ಟಿ!
ಚಾ ತಂದ ಭೋಜ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. “ಭಟ್ರೇ, ಜನಿವಾರ ಉಂಟಾ?”
“ಉಂಟು. ನಂಬರ್ ವನ್ ಕೂಡ ಉಂಟು.”
ಸಂಜೆಯೊಳಗೆ ಇನ್ನೂ ಎರಡು ಮದುವೆ. ನನ್ನಂಥವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ.

೬ ಏಪ್ರಿಲ್, ಗುಡ್ ಫ್ರೈಡೇ, ಮಧ್ಯಾಹ್ನ
ಮೇ ತುಂಬಿತು. ಆದರೂ ಬಾಯಮ್ಮ ವೀಸಾ ಬೇಡ ಎಂದಿಲ್ಲ. ತಂಗಿ ಕಷ್ಟಪಟ್ಟು ಮಾಡಿಸಿದ್ದು, ಬೇಡ ಎಂದರೆ ನೊಂದುಕೊಂಡಾಳು ಎಂದು ಸಂಕೋಚ. ಮೇ ಮದುವೆಗಳು ಮುಗಿದ ಕೂಡಲೇ ಹೊರಡಲು ಮುಂದಿನ ವಾರ ಟಿಕೆಟ್ ಮಾಡಬೇಕು ಎನ್ನುತ್ತಿದ್ದರು.

ಈಗಷ್ಟೇ ಕುವೈತಿನಿಂದ ಕರೆ. ಹೆಂಗಸು.
“ಇದು ವೆರೊನಿಕಾಳ ಕೇಟರಿಂಗಾ? ನಾನು ಅವಳ ತಂಗಿ ಲೊರ್ನಾ.”
ಹೂಂ ಎಂದೆ.
“ಇಲ್ಲಿ ನನ್ನ ಗೆಳತಿ ತನ್ನ ಮಗಳ ರೋಸಿಗೆ ಕಂಪ್ಯೂಟರಿನಲ್ಲಿ ಹುಡುಕಿದಳು. ಎಲ್ಲರಿಗಿಂತ ಮೇಲೆ ನನ್ನ ಅಕ್ಕನ ಹೆಸರು... ಫೋಟೋ ಕೂಡ ಉಂಟು.” ಅಳುತ್ತಿದ್ದರು. “ಇಂಥ ಅಕ್ಕ ಇಲ್ಲಿ ಬಂದು ಕಂಡವರ ಮನೆ ಪಾತ್ರೆ ತೊಳೆಯುವುದು ಬೇಡ. ವೀಸಾ ನಾನು ವಾಪಸ್ ಕೊಡ್ತೇನೆ. ಅವಳ ಫೋನು ಬಂದ್ ಉಂಟು. ನೀವು ಹೇಳ್ತೀರಾ?”

ಹೇಳದೆ ಇರುತ್ತೇನೆಯೇ! ನಾಳೆವರೆಗೆ ಕಾಯುವುದು ನನ್ನಿಂದ ಆಗದು. ಶಿರ್ವದ ಬಸ್ಸು ಹಿಡಿದು ಇಗರ್ಜಿಯ ಗೇಟಿನಲ್ಲೇ ನಿಲ್ಲುತ್ತೇನೆ. ಪ್ರಾರ್ಥನೆ ಮುಗಿಸಿ ಬರುವ ಬಾಯಮ್ಮನ ಎದುರು ಎಲ್ಲಿಂದ ಶುರು ಮಾಡಲಿ? “ಬಾಯಮ್ಮ, ನಿಮ್ಮ ಟಿಕೆಟ್...”
ಬಸ್ಸಿನ ಹಾರ್ನ್. ಉಳಿದದ್ದು ಬಂದು ಬರೆಯುತ್ತೇನೆ.