ಅಕ್ಕನ ನೈಟ್ ಶಿಫ್ಟ್

ಮಾರ್ಚ್ ೩, ಸಂಜೆ

ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಕ್ಕ ಬ್ರೆಡ್ ಕಾರ್ಖಾನೆಗೆ ಹೊರಟು ನಿಂತಿದ್ದಳು. ಎಂದಿನಂತೆ ನೈಟ್ ಶಿಫ್ಟ್. ಚಪ್ಪಲಿ ಮೆಟ್ಟುತ್ತಾ, ಎದೆಯಲ್ಲಿ ಗಂಟಿನ ಹಾಗೆ ಏನೋ ಸಿಗುತ್ತಿದೆ, ನೋವಿಲ್ಲ ಎಂದಳು. ಹಾಲು ಕಾಯಿಸಿಟ್ಟಿದ್ದೇನೆ ಎನ್ನುವಷ್ಟೇ ಸಲೀಸಾಗಿ. ಎಷ್ಟು ದಿನದಿಂದ ಎಂದು ಕೇಳಿದೆ. ಬಸ್ಸು ಬಂತು... ಹೋದಳು.

ಮಾರ್ಚ್ ೧೯

ಗಂಟಿನ ಪರೀಕ್ಷೆಯ ರಿಪೋರ್ಟ್ ಬಂತು. ಕ್ಯಾನ್ಸರೇ. ಬೇಗ ಗೊತ್ತಾಗಿದೆ, ಆಪರೇಷನ್ ಮಾಡೋಣ, ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಎಂದರು ಡಾಕ್ಟರ್. ಅಲ್ಲಿಗೆ ಸುಮ್ಮನಿರಬೇಕಿತ್ತು ನಾನು. ಫೋನಿನಲ್ಲಿ ಓದಿದ್ದೆಲ್ಲ ತಲೆ ಕೊರೆಯುತ್ತಿತ್ತು — ಇಷ್ಟು ವರ್ಷ ನೈಟ್ ಶಿಫ್ಟ್ ಮಾಡಿದ್ದಕ್ಕೇ ಬಂತಾ ಎಂದು ಕೇಳಿಬಿಟ್ಟೆ. ಅಕ್ಕನ ಎದುರಿಗೇ.

ಡಾಕ್ಟರ್ ತಾಳ್ಮೆಯಿಂದ ವಿವರಿಸಿದರು. ಕತ್ತಲಾದ ಮೇಲೆ ಮೈಯಲ್ಲಿ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನ್ ಹೆಚ್ಚುತ್ತದೆ. ರಾತ್ರಿಯಿಡೀ ಲೈಟಿನಡಿ ಇದ್ದರೆ ಕುಗ್ಗುತ್ತದೆ. ಅದಕ್ಕೂ ಸ್ತನ ಕ್ಯಾನ್ಸರಿಗೂ ನಂಟಿರಬಹುದು ಎಂಬ ಅನುಮಾನವಿದೆ, ಸಂಶೋಧನೆಗಳಲ್ಲಿ ಒಮ್ಮತವಿಲ್ಲ. ಇವರಿಗೆ ಅದರಿಂದಲೇ ಬಂತೆಂದು ಯಾರೂ ಹೇಳಲಾರರು.

ಅಕ್ಕನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಮಾರ್ಚ್ ೨೦

ಊಟಕ್ಕೆ ಕೂತ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು: "ಹಂಗಾದ್ರೆ, ರಾತ್ರಿ ಮಲಗಿದ್ದಿದ್ರೆ ಬರ್ತಿರ್ಲಿಲ್ಲ ಅಂತಾನಾ?"

ಹಾಗಲ್ಲ ಎಂದೆ. ನಂಬಲಿಲ್ಲ.

ಅವಳು ನೈಟ್ ಶಿಫ್ಟ್ ಹಿಡಿದದ್ದೇ ನನ್ನ ಮಗಳಿಗಾಗಿ. ನನ್ನ ಗಂಡ ಬಿಟ್ಟುಹೋದ ಮೇಲೆ, ಹಗಲು ನಾನು ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರಿರಲಿಲ್ಲ. ಬೆಳಗ್ಗೆ ಬಂದು ಜಡೆ ಹಾಕಿ, ಸ್ಕೂಲಿಗೆ ಬಿಟ್ಟು, ಒಂದಿಷ್ಟು ಮಲಗಿ, ಮಗು ಬರುವಷ್ಟರಲ್ಲಿ ಎದ್ದುಬಿಡುತ್ತಿದ್ದಳು. ಅದೇ ಅವಳ ಹೆಮ್ಮೆ. ಅದನ್ನೇ ತಪ್ಪು ಮಾಡಿಟ್ಟೆ.

ಮಾರ್ಚ್ ೨೮

ಮಗಳಿಗೂ ಎಲ್ಲ ಗೊತ್ತಾಗಿದೆ. "ದೊಡ್ಡಮ್ಮ, ನನ್ನಿಂದಾನಾ?" ಎಂದು ಕೇಳಿದಳು.

ಅಕ್ಕ ಅವಳ ಜಡೆ ಹಿಡಿದೆಳೆದಳು. "ನಿನ್ನಿಂದ ಬಂದಿದ್ದು ತಲೆನೋವು ಒಂದೇ ಕಣೇ. ಏಳರ ಮಗ್ಗಿ ಹೇಳಿಕೊಟ್ಟು ಹೇಳಿಕೊಟ್ಟು."

ಮಗಳು ನಕ್ಕಳು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನಗು ಇರಲಿಲ್ಲ.

ಏಪ್ರಿಲ್ ೪, ಮಧ್ಯಾಹ್ನ, ಆಸ್ಪತ್ರೆ

ಆಪರೇಷನ್ ಚೆನ್ನಾಗಿ ಆಯಿತಂತೆ. ಇನ್ನೂ ಚಿಕಿತ್ಸೆ ಇದೆ. ಈಗ ಎಚ್ಚರವಾಗಿ, ಅಂಗಡಿಗೆ ಹೋಗಲಿಲ್ಲವಾ ಎಂದು ಗದರಿದಳು.

"ಗೊತ್ತಿದ್ರೂ ನೈಟ್ ಶಿಫ್ಟಿಗೆ ಹೋಗ್ತಿದ್ದೆ ಕಣೇ" ಎಂದಳು.

ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ನಿದ್ದೆ. ಎದ್ದ ತಕ್ಷಣ ಹೇಳಬೇಕು. ಅಕ್ಕಾ, ಅವತ್ತು ನಾನು ಕೇಳಿದ್ದು ನಿನ್ನ ತಪ್ಪು ಹುಡುಕೋಕಲ್ಲ, ನೀನು... ಔಷಧಿ ಚೀಟಿ ಕೊಡೋಕೆ ನರ್ಸ್ ಕರೀತಿದ್ದಾರೆ —