ಅತ್ತೆಯ ಎಡೆಗೆ ಪೀಚ್ ಹಣ್ಣು

ಆಂದೋಂಗ್

ಭಾವನವರಿಗೆ ಮಾಲ್‌ಸುಕ್ ಮಾಡುವ ನಮಸ್ಕಾರ.

ಮುಂದಿನ ವಾರ ಅತ್ತೆಯ ತಿಥಿಗೆ ಎಡೆಯ ಮೀನಿನ ತಲೆ ಪೂರ್ವಕ್ಕೇ ಇರಬೇಕೆಂದು ಸಿಯೋಲ್‌ನಿಂದ ಫೋನ್ ಮಾಡಿ ಹೇಳಿದಿರಿ. ಇರುತ್ತದೆ. ಅತ್ತೆ ಹಾಸಿಗೆ ಹಿಡಿದಾಗ ಯಾವ ಮಗ್ಗುಲಿಗೆ ಮಲಗುತ್ತಿದ್ದರೆಂದು ಮಾತ್ರ ನೀವು ಒಮ್ಮೆಯೂ ಕೇಳಲಿಲ್ಲ. ಹೆತ್ತವರ ಸೇವೆಯ ಬಗ್ಗೆ ಕನ್‌ಫ್ಯೂಶಿಯಸ್ ಹೇಳಿದ್ದೆಲ್ಲ ಹಿರಿಯ ಮಗನಾದ ನಿಮಗೆ ಬಾಯಿಪಾಠ. ಸೇವೆಯನ್ನಷ್ಟೇ ನನಗೆ ಬಿಟ್ಟಿರಿ.

ಪೀಚ್ ಹಣ್ಣು ಇಟ್ಟರೆ ಸತ್ತವರು ಹೆದರಿ ಹೊಸ್ತಿಲು ತುಳಿಯುವುದಿಲ್ಲ, ಎಡೆಗೆ ಅದು ಬೇಡವೇ ಬೇಡ ಅಂದಿರಿ. ಕೊನೆಕೊನೆಗೆ ಅತ್ತೆಯ ಗಂಟಲಲ್ಲಿ ಇಳಿದದ್ದು ನಾನು ಹಿಸುಕಿ ತಿನ್ನಿಸಿದ ಪೀಚ್ ಒಂದೇ. "ಸತ್ತ ಮೇಲೂ ನಂಗೆ ಇದನ್ನೇ ಇಡು ಕಣೇ, ದೊಡ್ಡವನ ಮಾತು ಕೇಳ್ಬೇಡ" ಅಂದಿದ್ದರು.

ಬುಟ್ಟಿ ತುಂಬ ತರಿಸಿದ್ದೇನೆ. ಅತ್ತೆ ಬಂದೇ ಬರುತ್ತಾರೆ. ಹಣ್ಣಿಗೆ ಹೆದರುವುದಾದರೆ ನೀವು ಬರಬೇಡಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ