ನಾಲ್ಕನೆಯ ಮೂಲೆ ಹೊಲಿಯದ ಕೌದಿ

ಸೂಜಿಗಲ್ಲ ಓಣಿ, ಹುಬ್ಬಳ್ಳಿ
ಪರಾಭವ ಸಂವತ್ಸರ, ಶೀಗೆ ಹುಣ್ಣಿಮೆಯ ಮಾರನೆಯ ದಿನ
(ನಿಮ್ಮ ಪರಾಭವವಲ್ಲ, ಅದಾದ ಮೇಲೆ ಅರವತ್ತು ವರ್ಷಕ್ಕೊಂದರಂತೆ ಬಂದ ಮೂರನೆಯದು)

ಸೂಜಿಗಲ್ಲ ಓಣಿಯ ತಂಗೆವ್ವನವರಿಗೆ, ನಿಮಗಿಂತ ನೂರೆಂಬತ್ತು ವರ್ಷ ಈಚೆಗಿರುವ ಗುರುಶಾಂತಪ್ಪ ಕೌದಿಮನಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ಯಾರೋ ತಲೆತಿರುಕ ಬರೆದದ್ದೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತಿದ್ದೇನೆ. ಕೆಲವು ಮಾತು ಬೇಕಾದ್ದಕ್ಕಿಂತ ಗಂಭೀರವಾಗಿ ಕೇಳಿಸಬಹುದು, ಕೆಲವು ಅರ್ಥವೇ ಆಗದಿರಬಹುದು. ಮೊಮ್ಮಗನ ತೊದಲು ಎಂದು ಹೊಟ್ಟೆಗೆ ಹಾಕಿಕೊಳ್ಳಿ. ಮೊಮ್ಮಗನಿಗೆ ಈಗ ಅರವತ್ನಾಲ್ಕು ವರ್ಷ, ಮೊಣಕಾಲು ನೋವು, ಮುಂಗೋಪ.

ಹಿಂದಿನ ಕಾಲಕ್ಕೆ ಟಪಾಲು ಒಯ್ಯುವ ಯಂತ್ರವೇನೂ ನಮ್ಮಲ್ಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಒಂದು ನಂಬಿಕೆ ಇದೆ. ನೀವು ಕಸಬರಿಗೆ ಮಾರುವ ದುರಗವ್ವನಿಗೆ ಹೊಲಿದ ಕೌದಿಯ ನಾಲ್ಕನೆಯ ಮೂಲೆ ಇಂದಿಗೂ ತೆರೆದೇ ಇದೆ. ಆ ಮೂಲೆಯೊಳಗೆ ಏನು ಹಾಕಿದರೂ ಅದು ಹೊಲಿದವಳಿಗೆ ಮುಟ್ಟುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಕ್ಕಳು ಬಿದ್ದ ಹಲ್ಲು ಹಾಕುತ್ತಾರೆ. ಸೊಸೆಯಂದಿರು ಅತ್ತೆಯ ಮೇಲಿನ ದೂರು ಬರೆದು ತುರುಕುತ್ತಾರೆ. ಅವೆಲ್ಲ ನಿಮಗೆ ಮುಟ್ಟಿದ್ದರೆ, ಪಾಪ, ನಿಮ್ಮ ಗತಿಯೇನು ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಇಂದು ನಾನೂ ಹಾಕುತ್ತಿದ್ದೇನೆ, ನಗು ಬರುತ್ತಿಲ್ಲ.

ಮೊದಲು ನಮ್ಮ ಸಮಾಚಾರ. ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ನಾವು ಯಾರೂ ಹೊರಗೆ ಕಾಲಿಡುವುದಿಲ್ಲ. ಅದಕ್ಕೆ ಬಿಸಿಲುಮುಚ್ಚು ಎನ್ನುತ್ತೇವೆ. ಆ ಹೊತ್ತಿನಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ಪಡಸಾಲೆಯಲ್ಲಿ ಕೂತು ಚಿಂದಿ ಜೋಡಿಸುತ್ತೇವೆ. ಹತ್ತಿಯ ಬಟ್ಟೆ ಈಗ ಅಪರೂಪ. ಮದುವೆಗೆ ಹೊಸ ಹತ್ತಿ ಸೀರೆ ಉಡಿಸಿದರೆ ಊರೇ ಮೂಗಿನ ಮೇಲೆ ಬೆರಳಿಡುತ್ತದೆ. ನಿಮ್ಮ ಓಣಿಯ ಅರ್ಧ ಮನೆಗಳು ಬಿದ್ದು ಮತ್ತೆ ಎದ್ದಿವೆ, ಮಾಳಿಗೆಗಳಿಗೆ ಸುಣ್ಣ ಬಳಿದಿದ್ದೇವೆ. ದುರಗವ್ವ ಮಲಗುತ್ತಿದ್ದ ಆ ಮುಚ್ಚಿದ ಚಿತ್ರಮಂದಿರದ ಮೆಟ್ಟಿಲುಗಳಲ್ಲಿ ಮೂರು ಮಾತ್ರ ಉಳಿದಿವೆ. ತಿನ್ನಲು ಗಿರಮಿಟ್ಟು ಇನ್ನೂ ಇದೆ, ಹೆದರಬೇಡಿ. ಜೋಳದ ರೊಟ್ಟಿಯೂ ಇದೆ. ಯಂತ್ರ ಬಡಿದ ರೊಟ್ಟಿಗೆ ರುಚಿಯಿಲ್ಲ ಎಂದು ಗೊಣಗುವ ಮುದುಕರೂ ಇದ್ದಾರೆ, ಅವರಲ್ಲಿ ನಾನೊಬ್ಬ.

ಇನ್ನು ನಿಮ್ಮ ಬಗ್ಗೆ ನಮಗೆ ತಲುಪಿರುವುದನ್ನು ಹೇಳುತ್ತೇನೆ. ನಿಮ್ಮ ಕಥೆಯನ್ನು ನಿಮಗೇ ಹೇಳುವುದು ಉದ್ಧಟತನ, ಆದರೂ ಸರಿಯಾಗಿ ತಲುಪಿದೆಯೋ ಇಲ್ಲವೋ ನೀವು ನೋಡಬೇಕಲ್ಲ. ನಿಮ್ಮ ಓಣಿಯಲ್ಲಿ ಕೌದಿ ಹೊಲಿಯುವಾಗ ಮೂರು ಮೂಲೆ ಮುಗಿಸಿ ನಾಲ್ಕನೆಯದನ್ನು ಹಾಗೇ ಬಿಡುವ ರೂಢಿಯಿತ್ತು. ಆ ಕೌದಿ ಹೊದೆಯುವವರ ಮನೆಗೆ ಹೋಗಿ, ಅವರ ಹೊಸ್ತಿಲ ಮೇಲೆ ಕೂತು, ಅವರ ಒಲೆಯ ರೊಟ್ಟಿಯ ಒಂದು ಚೂರನ್ನು ಮೂಲೆಯೊಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು. ಅಲ್ಲಿಯವರೆಗೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಹೊರಗೆ ಹಗ್ಗದ ಮೇಲೆಯೇ ತೂಗುತ್ತಿರಬೇಕು.

ನೀವು ಆ ದುರಗವ್ವನಿಗೆಂದು ಕೌದಿ ಹೊಲಿದಿರಿ. ಅವಳು ಚಿತ್ರಮಂದಿರದ ಮೆಟ್ಟಿಲ ಮೇಲೆ ಮಲಗುವವಳು. ಮೂರು ಮೂಲೆ ಮುಗಿಸಿ, ಕೈಯ ರೂಢಿಯಂತೆ ನಾಲ್ಕನೆಯದನ್ನು ಬಿಟ್ಟು, ಸೂಜಿ ದಾರ ಹಿಡಿದು ಅವಳಲ್ಲಿಗೆ ಹೋಗಿ ಹೊಸ್ತಿಲು ಎಲ್ಲಿ ಎಂದು ಕೇಳಿಬಿಟ್ಟಿರಿ. ಬೇರೆ ಊರಿನ ಯಾವ ಹೆಂಗಸೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಅವರು ನಾಲ್ಕೂ ಮೂಲೆ ಹೊಲಿದು, ಕೊಟ್ಟು, ಪುಣ್ಯ ಕಟ್ಟಿಕೊಂಡು ಮನೆಗೆ ಬಂದು ಉಂಡು ಮಲಗುತ್ತಿದ್ದರು. ನಿಮಗೆ ಹಾಗೆ ಮಾಡಲಾಗಲಿಲ್ಲ. ದುರಗವ್ವ ತಬ್ಬಿಬ್ಬಾದಳು, ನಿಮಗೆ ನಾಚಿಕೆಯಾಯಿತು. ಕೌದಿಯನ್ನು ತಂದು ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ತೂಗಹಾಕಿದಿರಿ.

ಇದು ನಿಮ್ಮ ಕಡೆ, ನಿಮ್ಮ ಪರಾಭವದ ಇದೇ ದಿನ ನಡೆದದ್ದು. ಮುಂದಿನದನ್ನು ನಾನು ಹೇಳುತ್ತೇನೆ, ಕೇಳಿ. ಸಂಜೆ ದುರಗವ್ವ ಕೌದಿ ಒಯ್ಯುತ್ತಾಳೆ, ಬೆಳಿಗ್ಗೆ ತಂದು ಮತ್ತೆ ಹಗ್ಗದ ಮೇಲೆ ಹಾಕುತ್ತಾಳೆ. ಅದನ್ನು ನೋಡಿ ಉಳಿದ ಹೆಂಗಸರೂ ಹೊಲಿಯುತ್ತಾರೆ. ಬಸ್ ನಿಲ್ದಾಣದ ಕಟ್ಟೆಯಲ್ಲಿ, ಅಂಗಡಿಗಳ ಮುಂದೆ ಮಲಗುವ ಒಬ್ಬೊಬ್ಬರಿಗೂ ಒಂದೊಂದು. ಅವರವರ ಹಳೆಯ ಅಂಗಿ, ಲಂಗ, ಪಂಚೆಯ ತುಂಡುಗಳೂ ಅದರಲ್ಲಿರುತ್ತವೆ. ಯುಗಾದಿಯ ಹೊತ್ತಿಗೆ ನಿಮ್ಮ ಓಣಿಯ ನೆತ್ತಿಯ ಮೇಲೆ ಇಪ್ಪತ್ತೆರಡು ಕೌದಿ ತೂಗುತ್ತವೆ. ತೆರೆದ ಮೂಲೆಯೆಲ್ಲ ಕೆಳಗೆ. ತಲೆ ಬಗ್ಗಿಸದೆ ಯಾರೂ ಓಣಿ ದಾಟುವಂತಿಲ್ಲ. ಬಗ್ಗದೆ ನಡೆದವರ ತಲೆಗೆ ಚಿಂದಿ ಉದುರುತ್ತದೆ. ಓಟು ಕೇಳಲು ಬಂದ ದೊಡ್ಡ ಮನುಷ್ಯನೊಬ್ಬ ಹೂಮಾಲೆಯ ಮೇಲೆ ಯಾರದೋ ಹಳೆಯ ಲಂಗದ ಚೂರು ಹೊತ್ತು ಭಾಷಣ ಮಾಡುತ್ತಾನಂತೆ. ಚೆಂದದ ಕಲೆ ಎಂದು ನೋಡಲು ಬಂದವರಿಗೆ ನೀವು, ಇದು ಚೆಂದಕ್ಕಲ್ಲ, ಮುಗಿದಿಲ್ಲ, ಅದಕ್ಕೇ ಹೊರಗಿದೆ ಎಂದು ಹೇಳುತ್ತೀರಿ. ದಿನಾ ಬಗ್ಗಿ ಬಗ್ಗಿ ಕತ್ತು ನೋವು ಬಂದ ಮೇಲೆ ಓಣಿಯವರು ಬೀಗ ಬಿದ್ದ ಮನೆಗಳ ಕಡೆ ಕಣ್ಣು ಹಾಯಿಸುತ್ತಾರೆ. ಒಂದು ಕೋಣೆ, ಇನ್ನೊಂದು ಕೋಣೆ. ಎಂಟು ವರ್ಷದಲ್ಲಿ ಇಪ್ಪತ್ತೊಂದು ಕೌದಿಗಳಿಗೆ ಹೊಸ್ತಿಲು ಸಿಗುತ್ತದೆ.

ದುರಗವ್ವನಿಗೂ ಕೋಣೆ ಸಿಗುತ್ತದೆ. ಆದರೆ ಮೂಲೆ ಹೊಲಿಯಲು ನೀವು ಹೋದಾಗ ಅವಳು ತಡೆಯುತ್ತಾಳೆ. ಅವಳ ಮಾತು ನಮ್ಮ ಓಣಿಯ ಕೂಸುಗಳಿಗೂ ಬಾಯಿಪಾಠ: “ನಂದು ಹೊಲಿಬ್ಯಾಡ್ರಿ ಯವ್ವಾ. ಮುಂದ ಬರಾಕಿಗೆ ಬೇಕಾಗ್ತದ.”

ಅಂದಿನಿಂದ ಆ ಕೌದಿ ಊರಿಗೆ ನೆಲೆಯಿಲ್ಲದೆ ಬಂದವರ ಮೊದಲ ಹೊದಿಕೆ. ಅವರಿಗೆಂದು ಹೊಸ ಕೌದಿ ಹೊಲಿದು, ಮನೆ ಸಿಕ್ಕು, ಅದರ ಮೂಲೆ ಮುಚ್ಚಿದ ಮೇಲೆ ಹಳೆಯದು ಮರಳಿ ಹಗ್ಗಕ್ಕೆ. ನನ್ನ ಮುತ್ತಜ್ಜಿ ಅದನ್ನು ಹೊದ್ದವಳು. ನಮ್ಮ ಅಡ್ಡಹೆಸರು ಅಲ್ಲಿಂದ ಬಂದದ್ದು. ನೀವಿಲ್ಲದಿದ್ದರೆ ನಾನಿಲ್ಲ ಎನ್ನುವುದು ನನ್ನ ಪಾಲಿಗೆ ಹೊಗಳಿಕೆಯ ಮಾತಲ್ಲ, ಇದ್ದ ಸಂಗತಿ.

ಇಲ್ಲಿಯವರೆಗೆ ಹೇಳಲು ಹೆಮ್ಮೆ. ಇನ್ನು ಮುಂದಿನದನ್ನು ಹೇಳಲು ನಾಲಿಗೆ ಹಿಂದೆ ಸರಿಯುತ್ತಿದೆ.

ನನ್ನ ಕೆಲಸಕ್ಕೆ ಮೂಲೆಗಾವಲು ಎಂದು ಹೆಸರು, ಅಂದರೆ ಆ ಕೌದಿಯನ್ನು ಕಾಯುವವನು. ಮೂವತ್ತು ವರ್ಷದ ಹಿಂದೆ, ಬಿಸಿಲಿಗೆ ಬಣ್ಣ ಹೋಗುತ್ತದೆಂದು ನಾನೇ ಮೊದಲು ಮಾತೆತ್ತಿದೆ. ಹೊರಗಿನಿಂದ ಯಾರೂ ಬಾರದೆ ಕೆಲವು ವರ್ಷ ಕಳೆದಿದ್ದವು. ನನ್ನ ಮನೆಯ ಮಾಳಿಗೆಯ ಮೇಲೆ ಓಣಿಯವರೆಲ್ಲ ಸೇರಿ ಒಂದು ಕೋಣೆ ಕಟ್ಟಿದೆವು. ತಂಪು ಗೋಡೆ, ಮೂಲೆಗೆ ಕೈ ಹೋಗುವಷ್ಟು ಕಿಂಡಿ ಬಿಟ್ಟ ಗಾಜಿನ ಪೆಟ್ಟಿಗೆ, ಸಾಗವಾನಿಯ ಹೊಸ್ತಿಲು. ಒಳಗೆ ನಿಮ್ಮ ಕೌದಿ. ದೂರದೂರದಿಂದ ಜನ ಬಂದು ಕೈಮುಗಿದು ಹೋಗುತ್ತಿದ್ದರು. ಕೀಲಿ ನನ್ನ ಸೊಂಟದಲ್ಲಿ.

ಹೋದ ವರ್ಷದ ಮಳೆಗಾಲದಲ್ಲಿ ಹುಲಿಗೆವ್ವ ಬಂದಳು. ಕೃಷ್ಣಾ ದಂಡೆಯ ಅವಳ ಊರನ್ನು ಹೊಳೆ ನುಂಗಿತ್ತು. ಜೊತೆಯಲ್ಲಿ ಕಣ್ಣು ಕಾಣದ ಅತ್ತೆ. ಇಬ್ಬರೂ ಓಣಿಯ ತುದಿಯ ಹಳೆಯ ಬಸ್ ತಂಗುದಾಣದಲ್ಲಿ ಇಳಿದುಕೊಂಡರು. ಮೇಲೊಂದು ಸೂರು, ನಾಲ್ಕು ಕಂಬ, ಗೋಡೆಯಿಲ್ಲ. ನಾವು ನಿಮ್ಮ ಕೌದಿಯನ್ನು ಪೆಟ್ಟಿಗೆಯಿಂದ ತೆಗೆಯದೆ, ಚೆಂದದ ಹೊಸ ಕೌದಿಯೊಂದನ್ನು ಹೊಲಿದು, ಮೂರು ಮೂಲೆ ಮುಗಿಸಿ ಹಗ್ಗಕ್ಕೆ ಹಾಕಿದೆವು. ಆಮೇಲೆ ಬೇಸಿಗೆ ಬಂತು, ಹೋಯಿತು. ಒಬ್ಬರ ಮನೆಯಲ್ಲಿ ಬಾಣಂತಿ, ಇನ್ನೊಬ್ಬರ ಮನೆಯಲ್ಲಿ ಬೀಗರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಾನೇ ಪಂಚಾಯಿತಿಯಲ್ಲಿ ಕೂತು ಗಾದೆ ಹೇಳಿದೆ. ಬಿಸಿಲುಮುಚ್ಚಿನ ಹೊತ್ತಿನಲ್ಲಿ ಅತ್ತೆಯ ತಲೆಗೆ ಒದ್ದೆ ಬಟ್ಟೆ ಕಟ್ಟಿ ಹುಲಿಗೆವ್ವ ಬೀಸಣಿಗೆ ಬೀಸುತ್ತಿದ್ದಳು. ಇನ್ನೊಂದು ಬೇಸಿಗೆಯನ್ನು ಆ ಮುದುಕಿ ಅಲ್ಲಿ ತಾಳಲಾರಳು ಎಂಬುದು ನಮಗೆಲ್ಲ ಗೊತ್ತಿತ್ತು.

ಅದಕ್ಕೆ ನಾವು ಕಂಡ ಉಪಾಯ ಕೇಳಿದರೆ ನೀವು ಹಣೆ ಬಡಿದುಕೊಳ್ಳುತ್ತೀರಿ. ಮೊನ್ನೆ ತಂಗುದಾಣದ ಮುಂದೆ ಒಂದು ಹಲಗೆ ಇಟ್ಟೆವು. ಅರಿಸಿನ ಕುಂಕುಮ ಹಚ್ಚಿದೆವು. ಹೊಸ್ತಿಲು ಎಂದೆವು. ನಾನು ಅದರ ಮೇಲೆ ಕೂತು, ರೊಟ್ಟಿಯ ಚೂರಿಟ್ಟು, ಅವಳ ಕೌದಿಯ ನಾಲ್ಕನೆಯ ಮೂಲೆಯನ್ನು ಈ ಕೈಯಿಂದಲೇ ಹೊಲಿದೆ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಹಗ್ಗ ಖಾಲಿ, ಮನೆಗೆ ಹೋಗುವಾಗ ಯಾರೂ ಬಗ್ಗಬೇಕಾಗಲಿಲ್ಲ.

ನಿನ್ನೆ ಬೆಳಿಗ್ಗೆ ಆ ಕಡೆ ಹೋದೆ. ಒಂದು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹುಲಿಗೆವ್ವ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಸಿಟ್ಟಿಲ್ಲ, ಅವಸರವಿಲ್ಲ. ಬಿಚ್ಚಿದ ದಾರವನ್ನು ಹಾಳು ಮಾಡದೆ ಒಂದು ಕಡ್ಡಿಗೆ ಸುತ್ತಿಡುತ್ತಿದ್ದಳು. ರೊಟ್ಟಿಯ ಚೂರನ್ನು ಹಲಗೆಯ ಮೇಲಿಟ್ಟಿದ್ದಳು. ಯಾಕವ್ವಾ ಎಂದೆ. ತಲೆಯೆತ್ತದೆ ಹೇಳಿದಳು: “ಕಾಕಾರ, ಹೊಸ್ತಿಲಾ ದಾಟಿದ್ರ ಒಳಗ ಹೋಗಬೇಕ್ರಿ. ಈ ಹಲಗಿ ದಾಟಿದ್ರೂ ನಾ ಹೊರಗ ಇರ್ತೀನಿ.”

ಮನೆಗೆ ಬಂದು, ಯಾಕೋ ಗೊತ್ತಿಲ್ಲ, ಮಾಳಿಗೆ ಹತ್ತಿ ನಿಮ್ಮ ಕೌದಿಯ ಮುಂದೆ ನಿಂತೆ. ಮೇಲಿಂದ ಮೇಲೆ ತೇಪೆ ಬಿದ್ದು ನಿಮ್ಮ ಮೂಲ ಬಟ್ಟೆ ಈಗ ಅಂಗೈ ಅಗಲ ಮಾತ್ರ ಉಳಿದಿದೆ, ತೆರೆದ ಮೂಲೆಯ ಆ ಹಸಿರು ಇಳಕಲ್ ಸೀರೆಯ ಚೂರು. ಅದರ ಅಂಚಿನಲ್ಲಿ ಎಂಟು ಸಣ್ಣ ತೂತುಗಳಿವೆ. ನುಸಿ ತಿಂದದ್ದು ಎಂದು ಬಂದವರಿಗೆಲ್ಲ ಮೂವತ್ತು ವರ್ಷ ಹೇಳಿದ್ದೇನೆ. ನುಸಿ ಸಾಲು ಹಿಡಿದು, ಒಂದೇ ಅಳತೆಗೆ ತಿನ್ನುವುದಿಲ್ಲ ಎಂಬ ಬುದ್ಧಿ ನನಗೆ ನಿನ್ನೆಯವರೆಗೆ ಬರಲಿಲ್ಲ. ಹುಲಿಗೆವ್ವ ಬಿಚ್ಚಿದ ಮೂಲೆಯನ್ನು ಆಗಷ್ಟೇ ನೋಡಿ ಬಂದಿದ್ದೆ. ಅದೇ ತೂತು. ಹೊಲಿಗೆಗೆ ಎರಡು ತೂತಿನಂತೆ ನಿಮ್ಮ ಮೂಲೆಯಲ್ಲೂ ನಾಲ್ಕು ಹೊಲಿಗೆ ಬಿದ್ದಿದ್ದವು. ಬಿದ್ದ ಮೇಲೆ ಯಾರೋ ಬಿಚ್ಚಿದ್ದರು.

ತಂಗೆವ್ವನವರೇ, ನೀವೂ ಮುಚ್ಚಲು ಹೊರಟಿದ್ದಿರಿ. ಮೆಟ್ಟಿಲೇ ಹೊಸ್ತಿಲು ಎಂದು ಯಾರೋ ಒತ್ತಾಯ ಮಾಡಿರಬೇಕು, ಅಥವಾ ನಾಚಿಕೆ ತಾಳಲಾರದೆ ನಿಮಗೇ ಹಾಗೆ ಅನ್ನಿಸಿರಬೇಕು. ನಮಗೆ ಈ ಕಥೆಯನ್ನು ಯಾರೂ ಹೇಳಲಿಲ್ಲ. ನೀವು ಎಂದೂ ತಪ್ಪದವರು ಎಂದು ಹಾಡು ಕಟ್ಟಿ ಹಾಡಿದೆವು. ತಪ್ಪದವರ ಮೇಲೆ ನನಗೆ ಭಕ್ತಿಯಿತ್ತು. ನಾಲ್ಕು ಹೊಲಿಗೆ ಹಾಕಿ, ನಿಲ್ಲಿಸಿ, ಬಿಚ್ಚಿದ ನಿಮ್ಮ ಮೇಲೆ ನನಗೆ ನಿನ್ನೆಯಿಂದ ಪ್ರೀತಿ ಹುಟ್ಟಿದೆ. ಬಿಚ್ಚಿದ್ದು ನೀವೋ ದುರಗವ್ವನೋ, ಬಟ್ಟೆ ಹೇಳುವುದಿಲ್ಲ. ನೀವೇ ಎಂದು ನಾನು ನಂಬಿದ್ದೇನೆ.

ಆಗ ಸುತ್ತಲೂ ನೋಡಿದೆ. ತಂಪು ಗೋಡೆ. ಬಾಗಿಲು. ಸಾಗವಾನಿಯ ಹೊಸ್ತಿಲು. ಇಡೀ ಓಣಿಯಲ್ಲಿ ಖಾಲಿ ಬಿದ್ದ ಕೋಣೆ ಒಂದೇ ಒಂದು, ಅದರಲ್ಲಿ ಮನೆಯಿಲ್ಲದವರ ಕೌದಿ ಮಲಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಬುಡವನ್ನು ನಾನು ದಿನಾ ಒರೆಸಿ ಹೊಳಪು ಕೊಡುತ್ತಿದ್ದೆ.

ಕೆಳಗಿಳಿದು ಹೋಗಿ ಕೀಲಿಯನ್ನು ಹುಲಿಗೆವ್ವನ ಕೈಗಿಟ್ಟೆ. ಅವಳು ಮೊದಲು ಕೇಳಿದ್ದು ಕೋಣೆಯ ಸುದ್ದಿಯಲ್ಲ. “ಮತ್ತ ಆ ಕೌದಿ ಎಲ್ಲಿ ಇರಬೇಕ್ರಿ?” ಎಂದಳು.

“ಹೊರಗ,” ಎಂದೆ.

ಓಣಿಯಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ. ಪರಂಪರೆಯನ್ನು ಬಿಸಿಲಿಗೆ ಹಾಕಿದೆ ಎಂದು ಬೈಯುತ್ತಿದ್ದಾರೆ. ಬೈಯಲಿ, ಬಗ್ಗಿ ನಡೆಯುತ್ತಾ ಬೈಯಲಿ. ಇಂದು ಬೆಳಿಗ್ಗೆ ಅತ್ತೆಯನ್ನು ಕೈಹಿಡಿದು ಮಾಳಿಗೆ ಹತ್ತಿಸಿದೆವು. ಕಣ್ಣು ಕಾಣದ ಆ ಮುದುಕಿ ಹೊಸ್ತಿಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ದಾಟಿದಳು. ಹುಲಿಗೆವ್ವನ ಕೌದಿಯ ಮೂಲೆಯನ್ನು ಅವಳು ಕಡ್ಡಿಗೆ ಸುತ್ತಿಟ್ಟ ಅದೇ ದಾರದಿಂದ ಹೊಲಿದೆ. ಅವಳ ಒಲೆಯ ಮೊದಲ ರೊಟ್ಟಿ ಸೀದುಹೋಗಿತ್ತು. ಸೀದ ಚೂರನ್ನೇ ಒಳಗಿಟ್ಟೆವು.

ನಿಮ್ಮ ಕೌದಿ ಈಗ ಹಗ್ಗದ ಮೇಲಿದೆ. ಬಣ್ಣ ಇನ್ನೂ ಹೋಗುತ್ತದೆ, ಒಂದು ದಿನ ಆ ಅಂಗೈ ಅಗಲದ ಹಸಿರೂ ಹೋಗುತ್ತದೆ. ಅದಕ್ಕೆ ನೀವು ಒಪ್ಪುತ್ತೀರಿ ಎಂದುಕೊಂಡಿದ್ದೇನೆ.

ನನ್ನದೊಂದೇ ಬೇಡಿಕೆ. ಈ ಕಾಗದ ನಿಮ್ಮ ಕೈಸೇರುವಾಗ ನೀವು ಇನ್ನೂ ಓಣಿಗೆ ಹಗ್ಗ ಕಟ್ಟಿಲ್ಲ, ಚಿತ್ರಮಂದಿರದ ಮೆಟ್ಟಿಲ ಮೇಲೆ ಕೂತಿದ್ದೀರಿ, ಸೂಜಿ ಆ ಹಸಿರು ಚೂರಿನಲ್ಲಿದೆ, ನಾಲ್ಕು ಹೊಲಿಗೆ ಬಿದ್ದಿವೆ ಎಂದು ಭಾವಿಸುತ್ತೇನೆ. ಹಾಕಿದ್ದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ. ನಾನು ಪೂರ್ತಿ ಮೂಲೆಯನ್ನೇ ಹೊಲಿದವನು. ಆದರೆ ಐದನೆಯದನ್ನು ಹಾಕಬೇಡಿ. ಬಿಚ್ಚಿರಿ. ದುರಗವ್ವ ಒಂದೆರಡು ವರ್ಷ ಇನ್ನೂ ಹೊರಗೇ ಮಲಗುತ್ತಾಳೆ, ಅದು ನಿಮ್ಮನ್ನು ಸುಡುತ್ತದೆ. ಸುಡಲಿ, ಅವಳಿಗೆ ಮನೆ ಸಿಗುವುದು ಆ ಉರಿಯಿಂದಲೇ. ನೀವು ಇಂದು ಮುಚ್ಚಿದರೆ ನನ್ನ ಮುತ್ತಜ್ಜಿಗೆ ಹೊದಿಕೆಯಿಲ್ಲ, ಹುಲಿಗೆವ್ವನ ಅತ್ತೆಗೆ ಬರುವ ಬೇಸಿಗೆ ದಾಟಲು ಕೋಣೆಯಿಲ್ಲ, ಈ ಕಾಗದ ಹಾಕಲು ನನಗೆ ಜಾಗವಿಲ್ಲ.

ಕಾಗದ ಮಡಿಸುತ್ತಿದ್ದೇನೆ. ಮೇಲಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಹಗ್ಗದ ಕೆಳಗೆ ಹೋಗಿ ಕೈಯೆತ್ತಿದರೆ ಮೂಲೆ ಸಿಗುತ್ತದೆ, ತೆರೆದೇ ಇದೆ.